ಹಿಂದಿನ ಗೇಟು

ಶಾಲೆ ಬಿಡುವ ಹೊತ್ತಿಗೆ ಮುಂದಿನ ಗೇಟಿನ ಹತ್ತಿರ ಕಂಡಕ್ಟರ್ ತಾತ ಇಲ್ಲದ ದಿನವೇ ಇರಲಿಲ್ಲ. ಮಳೆಯಿರಲಿ, ಬಿಸಿಲಿರಲಿ, ಮೊಣಕಾಲು ಹಿಡಿದುಕೊಂಡಿರಲಿ, ಬೆಲ್ಲು ಹೊಡೆಯುವ ಮೊದಲೇ ಬಂದು ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತುಬಿಡುತ್ತಿದ್ದರು. ಜೀವಮಾನವಿಡೀ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವರು. ತಡ ಮಾಡುವುದೆಂದರೆ ಅವರಿಗೆ ಮೈಗೆ ಆಗಿಬರದ ಸಂಗತಿ. ಮೂರನೇ ತರಗತಿಯ ಮೊಮ್ಮಗಳು ಓಡಿಬಂದು, ಬ್ಯಾಗನ್ನು ಅವರ ಹೆಗಲಿಗೆ ತಗುಲಿಹಾಕಿ, ಅವರ ಹಳೆಯ ವಿಸಿಲನ್ನು ಬಾಯಿಗಿಟ್ಟು ಊದಿದಳೆಂದರೆ ಬಸ್ಸು ಹೊರಟಿತು ಎಂದೇ ಲೆಕ್ಕ. ಆ ವಿಸಿಲಿನ ದೆಸೆಯಿಂದ ಅವಳಿಗೆ ಪೀಪಿ ಅಂತಲೇ ಹೆಸರಾಗಿಹೋಗಿತ್ತು. ಟೀಚರು ಕೂಡ ಹಾಜರಿಯಲ್ಲಿ ಅವಳ ನಿಜವಾದ ಹೆಸರು ಕರೆಯುವಾಗ ಒಂದು ಕ್ಷಣ ತಡವರಿಸುತ್ತಿದ್ದರು.

ಬಸ್ಸು ಕಾಲ್ನಡಿಗೆಯದು. ಬೇಕರಿ ಒಂದು ಸ್ಟಾಪು, ಬೀಗ ರಿಪೇರಿಯವನ ಅಂಗಡಿ ಒಂದು ಸ್ಟಾಪು, ಬೀದಿ ನಲ್ಲಿ ಇನ್ನೊಂದು, ಆಮೇಲೆ ಮನೆ. "ನಲ್ಲಿ, ನಲ್ಲಿ! ಇಳಿಯೋರು ಇಳ್ಕೊಳ್ಳಿ, ಹತ್ತೋರು ಆಮೇಲೆ ಹತ್ತಿ," ಅಂತ ತಾತ ಕೂಗುವುದು, ನೀರು ಹಿಡಿಯಲು ನಿಂತ ಹೆಂಗಸರು ನಗುವುದು. ಪೀಪಿಗೆ ಇದರಲ್ಲಿ ನಾಚಿಕೆಯೇ ಇರಲಿಲ್ಲ. "ತಾತ, ನೀನು ಇನ್ನೂ ಜೋರಾಗಿ ಕೂಗು," ಅನ್ನುತ್ತಿದ್ದಳು.

ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ. ಮಗಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು, ಅಳಿಯ ಬಡಗಿ. ಹೆಂಡತಿ ತೀರಿಕೊಂಡ ಮೇಲೆ ತಾತ ತಮ್ಮ ಟ್ರಂಕು ಹಿಡಿದುಕೊಂಡು ಇಲ್ಲಿಗೆ ಬಂದವರು. ಬಂದ ದಿನವೇ, ಮಗುವನ್ನು ಕರೆತರುವ ಕೆಲಸ ನನ್ನದು, ಅದಕ್ಕೆ ಯಾರೂ ಕೈ ಹಾಕಬೇಡಿ ಅಂದುಬಿಟ್ಟಿದ್ದರು. ಅಳಿಯನ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವ ಮನುಷ್ಯ ತಾನಲ್ಲ ಅನ್ನುವುದಕ್ಕೆ ಅವರಿಗಿದ್ದ ಆಧಾರ ಅದೊಂದೇ.

ಹಾಗಿರುವಾಗ ಒಂದು ದಿನ ಪೀಪಿ ಗೇಟಿಗೆ ಬರಲಿಲ್ಲ. ಮಕ್ಕಳೆಲ್ಲ ಹೋದರು, ಜವಾನ ಗೇಟು ಎಳೆದ. ತಾತ ತಮ್ಮ ಸ್ಟಾಪುಗಳಲ್ಲೆಲ್ಲ ವಿಚಾರಿಸಿಕೊಂಡು ಮನೆಯವರೆಗೆ ಓಡಿದರು, ಮತ್ತೆ ಶಾಲೆಗೆ ಓಡಿದರು, ಕೊನೆಗೆ ಬೇಕರಿಯವನ ಫೋನಿನಿಂದ ಮಗಳಿಗೆ ತಿಳಿಸಿದರು. ಅವಳು ಲಾಂಡ್ರಿಯ ಏಪ್ರನ್ ಕೂಡ ಬಿಚ್ಚದೆ ಬಂದಳು. ಮಗು ಸಿಕ್ಕಿದ್ದು ಶಾಲೆಯ ಹಿಂದಿನ ಗೇಟಿನಲ್ಲಿ, ಮೆಟ್ಟಿಲ ಮೇಲೆ ಬಿಕ್ಕುತ್ತಾ ಕೂತಿತ್ತು.

ಹೆದರಿದಷ್ಟೂ ಕೈ ಮುಂದಾಗುವ ಸ್ವಭಾವ ಮಗಳದು. ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಕೈ ಎತ್ತಿಯೇಬಿಟ್ಟಳು. ಪೀಪಿ ಆ ಕೈಯನ್ನು ನೋಡಿದಳು.

"ತಾತ ಹಿಂದಿನ ಗೇಟಿಗೆ ಬರ್ತೀನಿ ಅಂದಿದ್ದ. ನಾನು ಕಾಯ್ತಾನೇ ಇದ್ದೆ. ಬರ್ಲೇ ಇಲ್ಲ."

ತಾತ ಬಾಯಿ ತೆರೆದರು. ಮಗುವಿನ ಲಂಗದ ತುಂಬ ಕೆಸರು, ಅದಕ್ಕೆ ಅಂಟಿಕೊಂಡ ಕರಿ ರೋಮ. ಟಿಕೆಟ್ಟಿಲ್ಲದವರ ಮುಖ ಅವರು ಕಾಣದ್ದೇ? ಕಿಟಕಿಯಾಚೆ ನೋಡುತ್ತಾ, ಉಗುಳು ನುಂಗುತ್ತಾ, ಕಂಡಕ್ಟರು ಮುಂದೆ ಹೋಗಲಿ ದೇವರೇ ಅಂತ ನಿಂತಿರುವ ಮುಖ. ಬಸ್ಸಿನಲ್ಲಿ ಅಂಥ ಮುಖ ಮಕ್ಕಳದಾಗಿದ್ದರೆ ಅವರು ಮುಂದೆ ಹೋಗಿಬಿಡುತ್ತಿದ್ದರು, ಚೆಕಿಂಗಿನವರ ಕೈಯಲ್ಲಿ ತಾವು ಬೈಸಿಕೊಳ್ಳುತ್ತಿದ್ದರು. ಇಲ್ಲೂ ಅದೇ ಅಭ್ಯಾಸ ಬಾಯಿಗೆ ಬಂತು.

"ಹೂಂ ಕಣಮ್ಮ, ನಾನೇ ಹೇಳಿದ್ದೆ," ಅಂದರು. "ಮರೆತೇಹೋಯ್ತು."

ಮಗಳ ಕೈ ಕೆಳಗಿಳಿಯಿತು. ಎರಡು ಮಾತು ಬೈಸಿಕೊಂಡರೆ ಎಲ್ಲ ಮುಗಿಯಿತು ಅಂತ ತಾತ ಅಂದುಕೊಂಡರು. ಸಂಜೆ ಮಗಳು ಆಲೂಗಡ್ಡೆ ಹೆಚ್ಚುತ್ತಿದ್ದಾಗ ಪೀಪಿ ತಾತನ ಕಿವಿಗೆ ಬಾಯಿಟ್ಟು, ಗೆಳತಿಯ ಮನೆಯಲ್ಲಿ ನಾಯಿ ಮರಿ ಹಾಕಿದೆ, ನೋಡೋಕೆ ಹೋಗಿದ್ದೆ, ಕರೀ ಮರಿ ನನ್ನ ಮಡಿಲಲ್ಲೇ ಮಲಗಿಬಿಡ್ತು, ವಾಪಸ್ ಬಂದಾಗ ಗೇಟು ಹಾಕಿತ್ತು, ಅಮ್ಮನಿಗೆ ಹೇಳಬೇಡ ಅಂದಳು. ನಾನ್ಯಾಕೆ ಹೇಳ್ಲಿ ಅಂದರು ತಾತ. ಇಬ್ಬರೂ ಬಾಯಿಗೆ ಬೆರಳಿಟ್ಟುಕೊಂಡು ನಕ್ಕರು. ಅಯ್ಯೋ, ಆ ನಗುವಿನ ಬೆಲೆ ಆಗ ಅವರಿಗೆ ಗೊತ್ತಿದ್ದಿದ್ದರೆ!

ಮಗಳು ಬೈಯಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟ ಬಡಿಸುವಾಗ ಮೆಲ್ಲಗೆ, ಈಚೆಗೆ ಹೀಗೆ ಆಗ್ತಿದೆಯಾ ಅಪ್ಪ ಅಂತ ಕೇಳಿದಳು. ಇಲ್ಲ ಅಂದರೆ ಮಗುವಿನ ಸುಳ್ಳು ಬಯಲಾಗುತ್ತದೆ, ಹೌದು ಅಂದರೆ ತಮ್ಮ ಮರ್ಯಾದೆ ಹೋಗುತ್ತದೆ. ತಾತ ತಟ್ಟೆ ನೋಡಿಕೊಂಡು, ವಯಸ್ಸಾಯ್ತಲ್ಲಮ್ಮ ಅಂದರು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಮರುವಾರವೇ ಪೀಪಿ ಶಾಲೆಯ ಸೇವಾ ಕ್ಲಬ್ಬಿಗೆ ಸೇರಿದಳು. ಶಾಲೆ ಬಿಟ್ಟ ಮೇಲೆ ಡ್ರಾಯಿಂಗ್ ಟೀಚರು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ನಡೆಸುತ್ತಿದ್ದ ಕ್ಲಬ್ಬು ಅದು. ಒಂದು ದಿನ ಪಾರ್ಕಿನ ಕಸ ಹೆಕ್ಕುವುದು, ಒಂದು ದಿನ ಲೈಬ್ರರಿಯ ಹರಿದ ಪುಸ್ತಕಗಳಿಗೆ ರಟ್ಟು ಹಾಕುವುದು, ಬುಧವಾರ ವೃದ್ಧಾಶ್ರಮಕ್ಕೆ ಹೋಗಿ ಮುದುಕರ ಪಕ್ಕ ಕೂರುವುದು. ಕ್ಲಬ್ಬು ಮುಗಿಯುವುದಕ್ಕೂ ಲಾಂಡ್ರಿಯ ಪಾಳಿ ಮುಗಿಯುವುದಕ್ಕೂ ಸರಿಹೋಗುತ್ತಿತ್ತು, ಮಗಳೇ ಮಗುವನ್ನು ಕರೆತರಬಹುದಿತ್ತು. ನಿನಗೂ ಆರಾಮು ಅಪ್ಪ, ಬಿಸಿಲಲ್ಲಿ ನಿಲ್ಲೋದು ತಪ್ಪಿತು ಅಂದಳು. ತಾತ ಹೂಂಗುಟ್ಟಿದರು. ಆದರೂ ಶಾಲೆ ಬಿಡುವ ಹೊತ್ತಿಗೆ ಕಾಲು ಕೇಳಬೇಕಲ್ಲ! ಚಪ್ಪಲಿ ಮೆಟ್ಟಿ ಹೊಸ್ತಿಲವರೆಗೆ ಹೋಗಿ, ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು.

ಮನೆಯಲ್ಲಿ ಒಮ್ಮೆ ಒಬ್ಬರಿಗೆ ಮರೆವು ಅಂತ ಹೆಸರು ಬಿತ್ತೋ, ಎಲ್ಲರ ಮರೆವೂ ಅವರ ಪಾಲಿಗೇ ಬರುತ್ತದೆ. ಹಾಲು ಉಕ್ಕಿದರೆ ತಾತ, ನಲ್ಲಿ ನಿಲ್ಲಿಸದಿದ್ದರೆ ತಾತ. ಒಂದು ಭಾನುವಾರ ಅಳಿಯನ ಅಳತೆ ಟೇಪು ಕಾಣದೆ ಮನೆಯೆಲ್ಲ ತಲೆಕೆಳಗಾಯಿತು.

"ಮಾವ, ನೀವೇ ಎಲ್ಲೋ ಇಟ್ಟಿರ್ತೀರ. ಸ್ವಲ್ಪ ಜ್ಞಾಪಿಸ್ಕೊಳ್ಳಿ," ಅಂದ ಅಳಿಯ.

"ನಾನು ಮುಟ್ಟಿಲ್ಲಪ್ಪ."

"ಮುಟ್ಟಿದ್ದೂ ಮರೆತಿರ್ತೀರ."

ಟೇಪು ಸಂಜೆ ಅವನದೇ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತು. ಅವನು ಅದನ್ನು ಸದ್ದಿಲ್ಲದೆ ಪೆಟ್ಟಿಗೆಗೆ ಹಾಕಿದ್ದನ್ನು ತಾತ ನೋಡಿದರು, ಮಗಳೂ ನೋಡಿದಳು. ಅಳಿಯ ಕೆಟ್ಟವನಲ್ಲ. ಮಾರನೆಯ ದಿನ ಮಾವನಿಗೆ ಅಂತಲೇ ಬೇಕರಿಯಿಂದ ಮೆತ್ತನೆಯ ಬನ್ನು ತಂದುಕೊಟ್ಟ.

ಪೀಪಿಗೆ ಮಾತ್ರ ಕ್ಲಬ್ಬು ಬಹಳ ಹಿಡಿಸಿತು. ಮರೆವಿನ ಹಿರಿಯರ ಹತ್ತಿರ ಹೇಗೆ ನಡೆದುಕೊಳ್ಳಬೇಕು ಅಂತ ಟೀಚರು ಕಲಿಸಿದ್ದರು. ಮೊದಲು ನಿಮ್ಮ ಹೆಸರು ಹೇಳಿ, ಆಮೇಲೆ ಇವತ್ತು ಯಾವ ವಾರ ಅಂತ ಹೇಳಿ, ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ನೆನಪಿದೆಯಾ ಅಂತ ಯಾವತ್ತೂ ಕೇಳಬೇಡಿ, ಅವರಿಗೆ ನೋವಾಗುತ್ತೆ. ಹಿರಿಯರಿಗೆ ಬನ್ನಿ ಹೋಗಿ ಅನ್ನಿ. ಪೀಪಿ ಕಲಿತದ್ದನ್ನೆಲ್ಲ ಮನೆಗೆ ತಂದಳು. ಒಂದು ಸಂಜೆ ತಾತನ ಮಂಚದ ಹತ್ತಿರ ಮೊಣಕಾಲೂರಿ, ಕೈ ಹಿಡಿದುಕೊಂಡು, ಕಿವುಡರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು.

"ತಾತ, ನಾನು ಪೀಪಿ. ಇವತ್ತು ಬುಧವಾರ. ನೀವು ಹಾಲು ಕುಡಿದ್ರಾ?"

ತಾತ ನಕ್ಕರು. ಆಟ ಅಂದುಕೊಂಡರು. "ಏನೇ ಇದು, ನನ್ನನ್ನ ಬಹುವಚನದಲ್ಲಿ ಕರೀತೀಯ! ವಿಸಿಲ್ ಎಲ್ಲಿ?"

ಅವಳು ನಗಲಿಲ್ಲ, ಕೈಯನ್ನು ತಟ್ಟುತ್ತಲೇ ಇದ್ದಳು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂಲೆಯ ಮೊಳೆಗೆ ನೇತುಹಾಕಿದ್ದ ವಿಸಿಲನ್ನು ಅವತ್ತಿನಿಂದ ಯಾರೂ ಮುಟ್ಟಲಿಲ್ಲ.

ಮಗಳೂ ಅಳಿಯನೂ ವೃದ್ಧಾಶ್ರಮದ ಮಾತೆತ್ತಿದ್ದು ಅದಾದ ಮೇಲೆಯೇ. ಮನೆಯಲ್ಲಿ ಹಗಲೆಲ್ಲ ಒಬ್ಬರೇ ಇರುತ್ತಾರೆ, ಒಲೆ ಇದೆ, ಬೀದಿ ಇದೆ ಅಂತ ಅಳಿಯ. ಇನ್ನೂ ಅಂಥದ್ದೇನಾಗಿದೆ, ನಮ್ಮಪ್ಪನನ್ನ ಹೊರಗೆ ಹಾಕ್ತೀಯಾ ಅಂತ ಮಗಳು. ಆಗೋವರೆಗೂ ಕಾಯ್ಬೇಕಾ ಅಂತ ಅವನು. ತಾತ ಹೊರಗೆ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಒಳಗೆ ಹೋಗಿ ನಿಜ ಹೇಳಿದರೆ ಆಯಿತು. ಆದರೆ ಮಗುವಿಗೆ ಮಾತು ಕೊಟ್ಟಿದ್ದಾಗಿದೆ. ಅವಳೇ ಹೇಳಲಿ, ಇವತ್ತಲ್ಲ ನಾಳೆ ಹೇಳುತ್ತಾಳೆ ಅಂತ ಸುಮ್ಮನಾದರು.

ಕ್ಲಬ್ಬಿನ ಮಕ್ಕಳ ಕಾರ್ಯಕ್ರಮಕ್ಕೆ ಮನೆಯವರೆಲ್ಲ ಹೋದರು. ತಾತ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತರು. ಪ್ರತಿ ಮಗುವೂ ಎದ್ದು ಮನೆಯಲ್ಲಿ ತಾನು ಮಾಡುವ ಒಂದು ಸೇವೆಯನ್ನು ಹೇಳಬೇಕಿತ್ತು. ಒಬ್ಬ ಗಿಡಕ್ಕೆ ನೀರು ಹಾಕುತ್ತಾನಂತೆ, ಒಬ್ಬಳು ತಮ್ಮನಿಗೆ ಚಮಚದಲ್ಲಿ ತಿನ್ನಿಸುತ್ತಾಳಂತೆ. ಪೀಪಿಯ ಸರದಿ ಬಂತು. ಎದೆಯ ಮೇಲೆ ಕ್ಲಬ್ಬಿನ ಹಳದಿ ಬ್ಯಾಡ್ಜು, ಎಣ್ಣೆ ಹಚ್ಚಿ ಬಾಚಿದ ತಲೆ.

"ನಮ್ಮ ತಾತನಿಗೆ ಮರೆವು," ಅಂದಳು. "ಒಂದ್ಸಲ ನನ್ನನ್ನ ಶಾಲೇಲೇ ಮರೆತುಬಿಟ್ಟಿದ್ರು. ನಾನು ಹಿಂದಿನ ಗೇಟಲ್ಲಿ ಒಬ್ಬಳೇ ಕೂತು ಅತ್ತೆ. ಆದ್ರೆ ತಾತನ ಮೇಲೆ ಕೋಪ ಮಾಡ್ಕೊಂಡಿಲ್ಲ. ದಿನಾ ಅವರ ಪಕ್ಕ ಕೂತ್ಕೊಂಡು ಇವತ್ತು ಯಾವ ವಾರ ಅಂತ ಹೇಳ್ತೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಚರು ಅವಳನ್ನು ತಬ್ಬಿಕೊಂಡರು. ತಾತನೂ ತಟ್ಟಿದರು, ಎಲ್ಲರೂ ತಮ್ಮ ಕಡೆಗೇ ನೋಡುತ್ತಿದ್ದರಲ್ಲ.

ಹಿಂತಿರುಗುವಾಗ ಮಗಳು ಅಳಿಯ ಮುಂದೆ ಹೋಗುತ್ತಿದ್ದರು. ಬೇಕರಿಯ ಹತ್ತಿರ ತಾತ ನಡಿಗೆ ನಿಧಾನ ಮಾಡಿ, ಬೇರೇನೋ ವಿಷಯ ತೆಗೆದವರ ಹಾಗೆ ಕೇಳಿದರು.

"ಪೀಪಿ, ಆ ಕರೀ ನಾಯಿಮರಿ ಈಗ ದೊಡ್ಡದಾಗಿರ್ಬೇಕು ಅಲ್ವೇನೆ?"

"ಯಾವ ನಾಯಿಮರಿ ತಾತ?"

ತಾತ ಅವಳ ಮುಖವನ್ನು ಚೆನ್ನಾಗಿ ನೋಡಿದರು. ಆ ಕಿಟಕಿಯಾಚೆಯ ನೋಟವಿಲ್ಲ, ಉಗುಳು ನುಂಗುವುದಿಲ್ಲ. ಮಗು ಸುಳ್ಳು ಹೇಳುತ್ತಿರಲಿಲ್ಲ. ಅಷ್ಟು ಸಲ ಹೇಳಿ, ಅಷ್ಟು ಜನರ ಬಾಯಲ್ಲಿ ಕೇಳಿ, ಅವಳಿಗೆ ಅದೇ ನಿಜವಾಗಿಹೋಗಿತ್ತು. ಪರವಾಗಿಲ್ಲ ಬಿಡಿ ತಾತ, ಕಷ್ಟಪಟ್ಟು ಜ್ಞಾಪಿಸ್ಕೋಬೇಡಿ ಅಂತ ಅವರ ಕೈ ಹಿಡಿದು ರಸ್ತೆ ದಾಟಿಸಿದಳು. ಮನೆ ಸೇರುವಷ್ಟರಲ್ಲಿ ತಾತನಿಗೇ ಅನುಮಾನ ಬಂದುಬಿಟ್ಟಿತ್ತು. ನಾಯಿಮರಿ ಇತ್ತೋ ಇಲ್ಲವೋ? ಇವರೆಲ್ಲ ಅನ್ನುತ್ತಿರುವುದೇ ನಿಜವಿದ್ದರೆ?

ಮಾರನೆಯ ದಿನ ಎಲ್ಲರೂ ಕೆಲಸಕ್ಕೆ ಹೋಗುವುದನ್ನೇ ಕಾದು ತಾತ ಹೊರಟರು. ಶಾಲೆಯ ಹಿಂದಿನ ಗೇಟಿನೆದುರು ಸಣ್ಣ ಗಲ್ಲಿ, ಗಲ್ಲಿಯ ಕೊನೆಗೆ ಪೀಪಿಯ ಗೆಳತಿಯ ಮನೆ. ಅಂಗಳದಲ್ಲಿ ಒಂದು ಕರೀ ನಾಯಿ ಮಲಗಿತ್ತು, ಇನ್ನೂ ಪೂರ್ತಿ ಬೆಳೆದಿರಲಿಲ್ಲ. ಬಟ್ಟೆ ಒಣಹಾಕುತ್ತಿದ್ದ ಗೆಳತಿಯ ತಾಯಿ ಇವರನ್ನು ಗುರುತು ಹಿಡಿದರು.

"ಓ, ಪೀಪಿ ತಾತ ಅಲ್ವಾ? ಮಿಕ್ಕಿದ ಮರಿಗಳನ್ನೆಲ್ಲ ಕೊಟ್ಬಿಟ್ವಿ, ಇದೊಂದು ಉಳೀತು. ಅವತ್ತು ನಿಮ್ಮ ಹುಡುಗಿ ಇದನ್ನ ಮಡಿಲಿಂದ ಇಳಿಸ್ಲೇ ಇಲ್ಲ. ಹೊತ್ತಾಯ್ತು ಹೋಗಮ್ಮ, ನಿಮ್ಮ ತಾತ ಮುಂದಿನ ಗೇಟಲ್ಲಿ ಕಾಯ್ತಿರ್ತಾರೆ ಅಂತ ನಾನೇ ಕಳಿಸಿದ್ದು."

ತಾತನಿಗೆ ನಿಂತಲ್ಲೇ ಕಣ್ಣು ತುಂಬಿ ಬಂತು. ಮೆಟ್ಟಿಲ ಮೇಲೆ ಕುಸಿದು ಕೂತು ನಾಯಿಯ ತಲೆ ಸವರಿದರು. ತಲೆ ನೆಟ್ಟಗಿದೆ, ನನ್ನ ತಲೆ ನೆಟ್ಟಗಿದೆ! ಆಕೆ ಚಹಾ ತಂದುಕೊಟ್ಟರು. ಚಿಕ್ಕವರಿದ್ದಾಗ ಇವರದೇ ಬಸ್ಸಿನಲ್ಲಿ ಓಡಾಡಿದವರಂತೆ. ಮಾತಿಗೆ ಮಾತು ಬೆಳೆಯಿತು. ತಾತ ಹಳೆಯ ರೂಟಿನ ಸ್ಟಾಪುಗಳನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದರು, ಆಕೆ ನಕ್ಕು ನಕ್ಕು ಇನ್ನೊಂದು ಲೋಟ ಚಹಾ ಕೊಟ್ಟರು. ಅಂಥ ಸಂತೋಷ ಅವರು ಕಂಡು ಬಹಳ ದಿನವಾಗಿತ್ತು.

ಆದರೆ ಹೊರಡುವ ಅವಸರದಲ್ಲಿ ಅವರು ಮನೆ ಬಾಗಿಲಿಗೆ ಚಿಲಕ ಕೂಡ ಹಾಕಿರಲಿಲ್ಲ. ಹಾರುಹೊಡೆದ ಬಾಗಿಲು ನೋಡಿ ಪಕ್ಕದ ಮನೆಯವರು ಲಾಂಡ್ರಿಗೆ ಫೋನು ಮಾಡಿದ್ದರು. ತಾತ ಮಗಳಿಗೆ ಎಲ್ಲ ಹೇಳಿಬಿಡಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಾ ಬಂದಾಗ, ಮನೆ ಮುಂದೆ ಜನ ನಿಂತಿತ್ತು. ಅಳಿಯ ಸೈಕಲ್ಲಿನಲ್ಲಿ ಬೀದಿಬೀದಿ ಸುತ್ತಿ ಬಂದು ಏದುಸಿರು ಬಿಡುತ್ತಿದ್ದ. ಶಾಲೆಯಿಂದ ಅರ್ಧಕ್ಕೇ ಕರೆತಂದ ಪೀಪಿ ಬಾಗಿಲಲ್ಲಿದ್ದಳು. ಮಗಳು ಹೊಸ್ತಿಲ ಮೇಲೆ ಕೂತಿದ್ದಳು, ಅತ್ತು ಅತ್ತು ಮುಖ ಊದಿತ್ತು.

"ಎಲ್ಲಿ ಹೋಗಿದ್ದೆ ಅಪ್ಪ?"

"ನಾಯಿಮರಿ ನೋಡೋಕೆ," ಅಂದರು ತಾತ. ಇನ್ನೂ ಮುಖದ ತುಂಬ ನಗುವಿತ್ತು.

ಅಳಿಯ ಮುಖ ತಿರುಗಿಸಿಕೊಂಡ. ನೆರೆಯವರು ಒಬ್ಬೊಬ್ಬರಾಗಿ ಜಾರಿಕೊಂಡರು. ಪೀಪಿ ಒಳಗೆ ಹೋಗಿ ಲೋಟದಲ್ಲಿ ನೀರು ತಂದಳು.

"ತಾತ, ನಾನು ಪೀಪಿ. ಇವತ್ತು..."

"ತಡಿ ಮಗು. ಕೇಳಮ್ಮ ಇಲ್ಲಿ," ಅಂತ ತಾತ ಮಗಳ ಕಡೆ ತಿರುಗಿದರು. "ಅವತ್ತು ಶಾಲೆ ಹತ್ರ, ಹಿಂದಿನ ಗಲ್ಲೀಲಿ, ಆ ಕರೀ ಮರಿ..."

ಲೋಟ ಅಲುಗಿ ನೀರು ಪೀಪಿಯ ಕಾಲ ಮೇಲೆ ಚೆಲ್ಲಿತು. ತಾತ ನೋಡಿದರು. ಮಗುವಿನ ಕೈ ಹಳದಿ ಬ್ಯಾಡ್ಜಿನ ಮೇಲಿತ್ತು. ಕಣ್ಣು ಬೀದಿಯ ಕಡೆ ತಿರುಗಿತ್ತು. ಉಗುಳು ನುಂಗಿದಳು. ಈಗ, ಈಗಷ್ಟೇ ಅವಳಿಗೆ ಎಲ್ಲ ನೆನಪಾಗಿತ್ತು.

"ಏನಪ್ಪ? ಹೇಳು. ಯಾವ ಮರಿ?" ಅಂದಳು ಮಗಳು. ಮಗುವಿನ ಗಾಬರಿ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ತಾತ ಮಗುವಿನ ಕೈಯಿಂದ ಲೋಟ ತೆಗೆದುಕೊಂಡರು.

"ಏನೋ ಹೇಳ್ಬೇಕು ಅಂತಿದ್ದೆ," ಅಂದರು. "ಮರೆತೋಯ್ತು."

ಅದಾದ ಮೇಲೆ ಮನೆಯಲ್ಲಿ ಜಗಳವೇ ಆಗಲಿಲ್ಲ. ವೃದ್ಧಾಶ್ರಮಕ್ಕೆ ಹೊರಡುವ ದಿನ ಬೆಳಿಗ್ಗೆ ಮಗಳು ಅಪ್ಪನ ಹೊದಿಕೆಯನ್ನು ಕೊಡವಿ ಒಂದು ಅಂಚು ಅವರ ಕೈಗೆ ಕೊಟ್ಟಳು. ಎದುರುಬದುರು ನಿಂತು ಎಳೆದು ಮಡಿಸುವುದು ಅಪ್ಪ ಮಗಳಿಗೆ ಅವಳು ಲಂಗ ತೊಡುತ್ತಿದ್ದ ದಿನದಿಂದ ರೂಢಿ. ಮಡಿಕೆ ಮಡಿಕೆಗೂ ಹತ್ತಿರ ಬಂದು, ಕೊನೆಯ ಮಡಿಕೆಗೆ ಅವಳು ಅವರ ಎದೆಗೆ ತಲೆ ಆನಿಸಿ ಅತ್ತುಬಿಟ್ಟಳು. ನನ್ನ ಮೇಲೆ ಕೋಪನಾ ಅಪ್ಪ ಅಂದಳು. ಕೋಪ ಯಾಕಮ್ಮ, ಅಲ್ಲಿ ನನ್ನ ವಯಸ್ಸಿನವರು ಇರ್ತಾರೆ, ನೀನು ನೆಮ್ಮದಿಯಾಗಿ ಕೆಲಸಕ್ಕೆ ಹೋಗು ಅಂದರು ತಾತ. ಪೀಪಿ ಅವತ್ತು ಹೊಟ್ಟೆನೋವು ಅಂತ ಹಾಸಿಗೆ ಬಿಟ್ಟು ಏಳಲಿಲ್ಲ.

ವೃದ್ಧಾಶ್ರಮದಲ್ಲಿ ತಾತನಿಗೆ ಕಿಟಕಿಯ ಪಕ್ಕದ ಮಂಚ ಸಿಕ್ಕಿತು. ಕೆಳಗೆ ಟ್ರಂಕು. ಊಟ ಬಿಸಿಯಾಗೇ ಕೊಡುತ್ತಿದ್ದರು, ದೂರುವಂಥದ್ದೇನೂ ಇರಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಮಾತ್ರ ಎದ್ದು ಚಪ್ಪಲಿ ಮೆಟ್ಟುತ್ತಿದ್ದರು. ಅಲ್ಲಿನ ಆಯಾ ಅದನ್ನು ನೋಡಿ, ಎಲ್ಲಿಗೆ ಅಜ್ಜ ಅಂತ ಮೃದುವಾಗಿ ಕೇಳಿ ಮತ್ತೆ ಕೂರಿಸುತ್ತಿದ್ದಳು.

ಬುಧವಾರ ಕ್ಲಬ್ಬಿನ ಮಕ್ಕಳು ಬಂದರು. ಯಾವ ಮಗುವೂ ತನ್ನ ಸ್ವಂತದವರ ಪಕ್ಕ ಕೂರಬಾರದು, ಯಾರೂ ಇಲ್ಲದವರಿಗೆ ನೋವಾಗುತ್ತದೆ ಅನ್ನುವುದು ಟೀಚರು ಮಾಡಿದ ನಿಯಮ. ಪೀಪಿಯನ್ನು ಆಚೆ ಸಾಲಿನ ಒಬ್ಬ ಅಜ್ಜಿಯ ಪಕ್ಕ ಕೂರಿಸಿದರು. ಅವಳು ಅಜ್ಜಿಯ ತಲೆ ಬಾಚುತ್ತಾ ಆಗಾಗ ಇತ್ತ ನೋಡುತ್ತಿದ್ದಳು. ತಾತನ ಮಂಚದ ಬಳಿ ಬಂದ ಹುಡುಗನೊಬ್ಬ ತನ್ನ ಹೆಸರು, ವಾರ ಎಲ್ಲ ಹೇಳಿ ನೀರು ತರಲು ಹೋದ. ಆಗ ಪೀಪಿ ಬಾಚಣಿಗೆ ಕೆಳಗಿಟ್ಟು ನೇರ ಇಲ್ಲಿಗೆ ಬಂದಳು. ಎದೆಯ ಮೇಲೆ ಬ್ಯಾಡ್ಜು ಇರಲಿಲ್ಲ, ಮುಷ್ಟಿಯಲ್ಲಿತ್ತು.

"ತಾತ, ನಾಯಿಮರಿ ಇತ್ತು," ಅಂದಳು. "ಕರೀದು. ನಂಗೆ ನೆನಪಿದೆ. ನೀನು ಮುಂದಿನ ಗೇಟಲ್ಲೇ ಇದ್ದೆ, ನಾನೇ ಹೋಗಿದ್ದು. ಅಮ್ಮನಿಗೆ ಹೇಳ್ತೀನಿ. ಹೊಡೆದ್ರೆ ಹೊಡೀಲಿ. ನೀನು ಮನೆಗೆ ಬಾ ತಾತ."

ತಾತನ ಕಾಲು ಚಪ್ಪಲಿಯನ್ನು ಹುಡುಕಿತು. ಟ್ರಂಕು ಕಟ್ಟಲು ಎಷ್ಟು ಹೊತ್ತು? ನಲ್ಲಿ ಸ್ಟಾಪು, ಬೀಗದಂಗಡಿ ಸ್ಟಾಪು, ಎಲ್ಲ ಕಣ್ಣ ಮುಂದೆ ಬಂದವು. ಆಮೇಲೆ ಮಗಳು ಬಂದಳು ಕಣ್ಣ ಮುಂದೆ. ಇದನ್ನು ಕೇಳಿದರೆ ಅವಳು ಮಗುವಿಗೆ ಹೊಡೆಯುವುದಿಲ್ಲ. ತನ್ನ ಎದೆಯನ್ನೇ ಹೊಡೆದುಕೊಳ್ಳುತ್ತಾಳೆ. ಮಗುವಿನ ಒಂದು ಸುಳ್ಳು ನಂಬಿ ಹೆತ್ತ ಅಪ್ಪನನ್ನು ಹೊರಗೆ ಹಾಕಿದೆ ಅಂತ ಸಾಯುವವರೆಗೂ ಕೊರಗುತ್ತಾಳೆ. ದಿನಾ ಅದನ್ನು ನೋಡುತ್ತಾ ಈ ಮಗು ಬೆಳೆಯಬೇಕು. ತಾತ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

"ಯಾವ ನಾಯಿಮರಿ ಕಂದಾ?" ಅಂದರು.

ಪೀಪಿ ಅವರ ಮುಖವನ್ನೇ ನೋಡಿದಳು, ಬಹಳ ಹೊತ್ತು. ಕಿಟಕಿ ಪಕ್ಕದಲ್ಲೇ ಇತ್ತು. ಅದರಾಚೆ ನೋಡಬಾರದು, ಉಗುಳು ನುಂಗಬಾರದು ಅಂತ ತಾತನಿಗೆ ಗೊತ್ತಿತ್ತು. ಅವರು ಮಗುವಿನ ಕಣ್ಣನ್ನೇ ನೋಡುತ್ತಾ ಕೂತರು.

ಅವಳ ಕೆನ್ನೆಯ ಮೇಲೆ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳದೆ, ಟೀಚರು ಕಲಿಸಿದ ಹಾಗೆ ಮೊಣಕಾಲೂರಿ, ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಪರವಾಗಿಲ್ಲ ತಾತ. ನಾನು ಪೀಪಿ. ನಿಮ್ಮ ಮೊಮ್ಮಗಳು. ಇವತ್ತು ಬುಧವಾರ."

"ಹೌದಾ?" ಅಂದರು ತಾತ. "ಬುಧವಾರಾನಾ?"